ತೆಂಗಿನ ಮರದ ಹಿಂದೆ ಧ್ರುವ ನಕ್ಷತ್ರ: ಒಂದು ಓರಿಯನ್ ಫೋಟೋದ ಪ್ರಕರಣ

ಜನವರಿಯ ಒಂದು ಬೆಳಗ್ಗೆ ನನಗೆ ಬಂದ ಮೆಸೇಜ್ ಇಷ್ಟೇ: "ಸರ್, ಟ್ರ್ಯಾಕರ್ ಕೆಟ್ಟಿದೆ ಅನ್ಸುತ್ತೆ. ವಾಪಸ್ ಕಳಿಸೋಕೆ ಮುಂಚೆ ಒಂದ್ಸಲ ನೋಡ್ತೀರಾ?" ಜೊತೆಗೆ ಓರಿಯನ್ ನಕ್ಷತ್ರಪುಂಜದ ಒಂದು ಫೋಟೋ. ನಡುವೆ ಗುಲಾಬಿ ಬಣ್ಣದ ಮಬ್ಬು, ಸುತ್ತಲೂ ಅಕ್ಕಿಕಾಳಿನ ಹಾಗೆ ಉದ್ದುದ್ದ ನಕ್ಷತ್ರಗಳು.

ಕ್ಯಾಮೆರಾವನ್ನು ಆಕಾಶದ ಜೊತೆ ತಿರುಗಿಸುವ ಆ ಟ್ರ್ಯಾಕರ್ ಕೆಟ್ಟಿರಲಿಲ್ಲ. ಅದು ಖಾತ್ರಿಯಾಗುವ ಹೊತ್ತಿಗೆ ಒಂದು ತಿಂಗಳು ಕಳೆದಿತ್ತು. ಆ ತಿಂಗಳಲ್ಲಿ ನಾನೂ ಎರಡು ಸಲ ಎಡವಿದೆ. ಫೋಟೋ ತೆಗೆದವರು ಇದನ್ನೆಲ್ಲ ಬರೆಯಲು ಒಪ್ಪಿದ್ದಾರೆ. ಹೆಸರು, ಊರು ಮಾತ್ರ ಬೇಡ ಎಂದಿದ್ದಾರೆ. ಹಾಗಾಗಿ ಇಲ್ಲಿ ಅವರು ಬರೀ 'ಮೇಡಂ'.

ಹಿನ್ನೆಲೆ

ಮೇಡಂಗೆ ನಲವತ್ತರ ಆಸುಪಾಸು. ಒಂದು ಜಿಲ್ಲಾ ಕೇಂದ್ರದಲ್ಲಿ ಕೆಲಸ. ಕ್ಯಾಮೆರಾ ಕೊಂಡದ್ದು ಮಗಳ ನಾಮಕರಣಕ್ಕೆ. 24 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ ಡಿಎಸ್‌ಎಲ್‌ಆರ್, ಜೊತೆಗೆ 55-250 ಜೂಮ್ ಲೆನ್ಸ್. ಮೊದಲು ಚಂದ್ರನ ಫೋಟೋ, ಆಮೇಲೆ ಟ್ರೈಪಾಡ್ ಮೇಲಿಟ್ಟು ಆಕಾಶಗಂಗೆ, ಅಲ್ಲಿಂದ ನೀಹಾರಿಕೆಯ, ಅಂದರೆ ಆಕಾಶದ ಅನಿಲ-ಧೂಳಿನ ಮೋಡಗಳ, ಆಸೆ. ಈ ದಾರಿ ನಮ್ಮಲ್ಲಿ ಎಷ್ಟೋ ಜನ ನಡೆದದ್ದೇ.

ಬರೀ ಟ್ರೈಪಾಡ್ ನೀಹಾರಿಕೆಗೆ ಸಾಲುವುದಿಲ್ಲ. ಭೂಮಿ ತಿರುಗುವುದರಿಂದ ನಕ್ಷತ್ರಗಳು ಒಂದು ಸೆಕೆಂಡಿಗೆ 15 ಆರ್ಕ್‌ಸೆಕೆಂಡಿನಷ್ಟು (ಒಂದು ಡಿಗ್ರಿಯ 3600ನೇ ಒಂದು ಭಾಗವೇ ಒಂದು ಆರ್ಕ್‌ಸೆಕೆಂಡ್) ಜರುಗುತ್ತವೆ. ಅವರ ಕ್ಯಾಮೆರಾದಲ್ಲಿ 250 ಎಂಎಂಗೆ ಒಂದು ಪಿಕ್ಸೆಲ್ ಅಂದರೆ ಸುಮಾರು 3 ಆರ್ಕ್‌ಸೆಕೆಂಡ್. ಒಂದೇ ಸೆಕೆಂಡಿನಲ್ಲಿ ನಕ್ಷತ್ರ ಐದು ಪಿಕ್ಸೆಲ್ ಎಳೆದುಹೋಗುತ್ತದೆ. ಟ್ರ್ಯಾಕರ್ ಈ ಓಟವನ್ನು ಸರಿದೂಗಿಸುವ ಚಿಕ್ಕ ಮೋಟಾರು ಪೆಟ್ಟಿಗೆ. ಅದರ ಅಕ್ಷ ಭೂಮಿಯ ಅಕ್ಷಕ್ಕೆ ಸಮನಾಗಿ ಕೂರಬೇಕು. ಆಗ ಅದು 23 ಗಂಟೆ 56 ನಿಮಿಷಕ್ಕೆ ಒಂದು ಸುತ್ತಿನ ಲೆಕ್ಕದಲ್ಲಿ ಕ್ಯಾಮೆರಾವನ್ನು ಆಕಾಶದ ಜೊತೆಗೇ ತಿರುಗಿಸುತ್ತದೆ. ಸಮನಾಗಿ ಕೂರಬೇಕು ಅಂದೆನಲ್ಲ, ಈ ಕಥೆಯ ಅರ್ಧ ಅದರಲ್ಲೇ ಇದೆ.

ಡಿಸೆಂಬರಿನಲ್ಲಿ ಮನೆ ತಾರಸಿಯ ಮೇಲೆ ಮಾಡಿದ ಪ್ರಯತ್ನದ ಬಗ್ಗೆ ಹೇಳುವುದೇನೂ ಇಲ್ಲ. ಎದುರಿಗೇ ಬೀದಿ ದೀಪ. ಜನವರಿ ಅಮಾವಾಸ್ಯೆಗೆ ಅವರು ಚಿತ್ರದುರ್ಗ ಜಿಲ್ಲೆಯಲ್ಲಿರುವ ಮಾವನವರ ತೋಟಕ್ಕೆ ಹೋದರು. ತೆಂಗು, ಅಡಿಕೆ, ಪಕ್ಕದಲ್ಲಿ ಒಂದು ಬೋರ್‌ವೆಲ್. ಪಡುವಣ ಗುಡ್ಡದ ಮೇಲೆ ಗಾಳಿಯಂತ್ರಗಳ ಕೆಂಪು ದೀಪ ಮಿಣುಕುವುದು ಬಿಟ್ಟರೆ ಕಗ್ಗತ್ತಲು. "ಅಮಾವಾಸ್ಯೆ ರಾತ್ರಿ ತೋಟದಾಗೆ ಒಬ್ಬಳೇ ಕೂರ್ತಾಳಂತೆ" ಎಂದು ಅತ್ತೆ ಗೊಣಗಿದರಂತೆ. ಮಾವ ಮಾತ್ರ ಮಂಚ ತಂದು ಪಕ್ಕದಲ್ಲೇ ಹಾಕಿಕೊಂಡು ಮಲಗಿದರು.

ತೊಂದರೆ

ಆ ರಾತ್ರಿ 250 ಎಂಎಂ, ಎಫ್/5.6, ಐಎಸ್‌ಒ 1600, ಎರಡೆರಡು ನಿಮಿಷದ 50 ಫ್ರೇಮ್. ಬೆಳಗ್ಗೆ ಸಿರಿಲ್ ಎಂಬ ಸಾಫ್ಟ್‌ವೇರಿನಲ್ಲಿ ಎಲ್ಲವನ್ನೂ ಸ್ಟ್ಯಾಕ್ ಮಾಡಿ, ಅಂದರೆ ಒಂದರ ಮೇಲೊಂದು ಸೇರಿಸಿ ಒಂದೇ ಫೋಟೋ ಮಾಡಿ, ನನಗೆ ಕಳಿಸಿದ್ದೇ ಆ ಅಕ್ಕಿಕಾಳಿನ ಫೋಟೋ.

ನಾನು ಕೇಳಿದ ಮೊದಲ ಪ್ರಶ್ನೆ: "ಪೋಲಾರ್ ಅಲೈನ್‌ಮೆಂಟ್ ಸರಿಯಾಗಿ ಮಾಡಿದ್ರಾ ಮೇಡಂ?" ಟ್ರ್ಯಾಕರಿನ ಅಕ್ಷವನ್ನು ಭೂಮಿಯ ಅಕ್ಷಕ್ಕೆ ಸಮನಾಗಿ ಕೂರಿಸುವುದಕ್ಕೇ ಹಾಗೆನ್ನುವುದು. ಮೇಡಂ ಹೌದು ಅಂದರು. ನಾನು ನಂಬಿ ಮುಂದೆ ಹೋದೆ. ಇದು ನನ್ನ ಮೊದಲ ತಪ್ಪು. 'ಮಾಡಿದ್ರಾ' ಎಂದು ಕೇಳಬಾರದಿತ್ತು. 'ಹೇಗೆ ಮಾಡಿದ್ರಿ' ಎಂದು ಕೇಳಬೇಕಿತ್ತು. ಆಮೇಲೆ ಒಂದು ವಾರ ನಾವಿಬ್ಬರೂ ಟ್ರ್ಯಾಕರಿನ ಗೇರು, ಬ್ಯಾಟರಿ, ಸ್ಪೀಡ್ ಸ್ವಿಚ್ಚು ಎಂದೆಲ್ಲ ಸುಮ್ನೆ ತಲೆ ಕೆಡಿಸಿಕೊಂಡೆವು. ವಾಪಸ್ ಕಳಿಸುವ ಗಡುವು ಹತ್ತಿರ ಬರುತ್ತಿತ್ತು. ಇನ್ನೂ ದೊಡ್ಡ ಟ್ರ್ಯಾಕರ್ ಕೊಳ್ಳುವುದಾ, ಕ್ಯಾಮೆರಾ ಬಿಟ್ಟು ಟೆಲಿಸ್ಕೋಪೇ ಕೊಳ್ಳುವುದಾ ಎಂಬಲ್ಲಿಗೆ ಮಾತು ಹೋಗಿತ್ತು.

ಕೊನೆಗೆ ಒಂದು ಭಾನುವಾರ ಕೇಳಿದೆ: "ಸ್ಟ್ಯಾಕ್ ಮಾಡಿದ್ದು ಬೇಡ. 50 ರಾ ಫೈಲನ್ನೂ ಹಾಗೇ ಕಳಿಸಿ. ಒಂದನ್ನೂ ಡಿಲೀಟ್ ಮಾಡ್ಬೇಡಿ, ಕೆಟ್ಟದ್ದು ಅನ್ಸಿದ್ರೂ ಇರ್ಲಿ."

ಈ ಪ್ರಕರಣ ತಿರುಗಿದ್ದು ಆ ಭಾನುವಾರ.

50 ಫ್ರೇಮ್, ಒಂದೊಂದಾಗಿ

ಸ್ಟ್ಯಾಕ್ ಮಾಡಿದ ಫೋಟೋದಲ್ಲಿ ಎಲ್ಲ ತಪ್ಪುಗಳೂ ಒಂದರ ಮೇಲೊಂದು ಬಿದ್ದು ಒಂದೇ ತಪ್ಪಿನ ಹಾಗೆ ಕಾಣುತ್ತವೆ. ಬಿಡಿ ಫ್ರೇಮಿನಲ್ಲಿ ಹಾಗಲ್ಲ. ಅಲ್ಲಿ ಒಂದೊಂದು ತಪ್ಪಿಗೂ ಅದರದ್ದೇ ಗುರುತು ಇರುತ್ತದೆ.

ಅದೃಷ್ಟ ನೋಡಿ, ಮೊದಲ ಫ್ರೇಮ್ ತೆಗೆಯುವಾಗ ಮೇಡಂ ಟ್ರ್ಯಾಕರನ್ನು ಆನ್ ಮಾಡುವುದನ್ನೇ ಮರೆತಿದ್ದರು. ನಕ್ಷತ್ರಗಳೆಲ್ಲ ಸುಮಾರು 590 ಪಿಕ್ಸೆಲ್ ಉದ್ದದ ಗೆರೆಗಳಾಗಿದ್ದವು. ಅವರ ಲೆಕ್ಕದಲ್ಲಿ ಅದು ಕಸ. ನನಗೆ ಅದೇ ದಿಕ್ಸೂಚಿ. ಟ್ರ್ಯಾಕರ್ ನಿಂತಿದ್ದಾಗ ನಕ್ಷತ್ರ ಎಳೆಯುವ ಗೆರೆ ಆಕಾಶದ ಪೂರ್ವ-ಪಶ್ಚಿಮ ದಿಕ್ಕು. ಅದಕ್ಕೆ ಅಡ್ಡ ಇರುವುದು ಉತ್ತರ-ದಕ್ಷಿಣ. ಈ ಎರಡು ದಿಕ್ಕು ಗೊತ್ತಾದರೆ ಉಳಿದದ್ದು ಸಲೀಸು. ಆವತ್ತಿನಿಂದ ನಾನು ಯಾರಿಗೇ ಹೇಳಿಕೊಡಲಿ, ಮೊದಲ ಫ್ರೇಮನ್ನು ಟ್ರ್ಯಾಕರ್ ಆಫ್ ಮಾಡಿಯೇ ತೆಗೆಸುತ್ತೇನೆ. 30 ಸೆಕೆಂಡ್ ಸಾಕು.

ಮಿಕ್ಕ 49 ಫ್ರೇಮಿನಲ್ಲಿ ಕಂಡದ್ದು ಇದು.

35ನೆಯದರವರೆಗೆ ಪ್ರತಿ ಫ್ರೇಮಿನಲ್ಲೂ ನಕ್ಷತ್ರ ಉತ್ತರ-ದಕ್ಷಿಣವಾಗಿ ಸುಮಾರು 14 ಪಿಕ್ಸೆಲ್ ಎಳೆದಿತ್ತು. ಎಲ್ಲದರಲ್ಲೂ ಅಷ್ಟೇ, ದಕ್ಷಿಣದ ಕಡೆಗೇ. 2ನೇ ಫ್ರೇಮಿಗೂ 35ನೆಯದಕ್ಕೂ ಹೋಲಿಸಿದರೆ ಇಡೀ ಓರಿಯನ್ 500 ಪಿಕ್ಸೆಲ್‌ನಷ್ಟು ಜರುಗಿತ್ತು. ಟ್ರ್ಯಾಕರಿನ ಮೋಟಾರು ತಿರುಗುವುದೇ ಪೂರ್ವ-ಪಶ್ಚಿಮದಲ್ಲಿ. ಅದು ಎಷ್ಟೇ ಕೆಟ್ಟಿದ್ದರೂ ಹೀಗೆ ಒಂದೇ ಸಮನೆ ದಕ್ಷಿಣಕ್ಕೆ ಎಳೆಯಲಾರದು. ಇದು ಅಕ್ಷ ತಪ್ಪಾಗಿ ಕೂತಿರುವ ಗುರುತು. ಲೆಕ್ಕ ಹಾಕುವುದೂ ಸುಲಭ. ಅಕ್ಷ ಒಂದು ಆರ್ಕ್‌ಮಿನಿಟ್ (ಡಿಗ್ರಿಯ 60ನೇ ಒಂದು ಭಾಗ) ತಪ್ಪಿದರೆ ನಿಮಿಷಕ್ಕೆ ಹೆಚ್ಚೆಂದರೆ ಕಾಲು ಆರ್ಕ್‌ಸೆಕೆಂಡಿನಷ್ಟು ಜಾರುತ್ತದೆ. 14 ಪಿಕ್ಸೆಲ್ ಅಂದರೆ ಎರಡು ನಿಮಿಷಕ್ಕೆ 43 ಆರ್ಕ್‌ಸೆಕೆಂಡ್. ಹಿಂದಕ್ಕೆ ಲೆಕ್ಕ ಹಾಕಿದರೆ ಅಕ್ಷ ಸುಮಾರು 1.4 ಡಿಗ್ರಿ ಆಚೆ ಹೋಗಿತ್ತು. ಹುಣ್ಣಿಮೆ ಚಂದ್ರನ ಅಗಲದ ಮೂರು ಪಟ್ಟು!

ಎರಡನೆಯದು ಪೂರ್ವ-ಪಶ್ಚಿಮದ ತೂಗಾಟ. ಹೆಚ್ಚುಕಡಿಮೆ ಹತ್ತು ನಿಮಿಷಕ್ಕೊಮ್ಮೆ ನಕ್ಷತ್ರ ಆ ಕಡೆ ಈ ಕಡೆ ತೂಗಿ ಬರುತ್ತಿತ್ತು. ಇದು ಗೇರಿನದ್ದೇ. ಆದರೆ ಕೆಟ್ಟ ಗೇರಿನದ್ದಲ್ಲ. ಈ ಬೆಲೆಯ ಯಾವ ಟ್ರ್ಯಾಕರಿನಲ್ಲೂ ಇರುವ ಸಹಜ ಏರುಪೇರು. 250 ಎಂಎಂ, ಎರಡು ನಿಮಿಷ ಎಂದರೆ ಅದರಿಂದ ಜಾಸ್ತಿ ಕೇಳಿದ ಹಾಗಾಯಿತು, ಅಷ್ಟೆ.

ಮೂರನೆಯದು ವಿಚಿತ್ರ. 36ನೇ ಫ್ರೇಮಿನಿಂದ ಮುಂದೆ ನಕ್ಷತ್ರಗಳು ಓರೆಯಾಗಿ, ಯಾವ ಲೆಕ್ಕಕ್ಕೂ ಸಿಗದ ಹಾಗೆ ಎಳೆಯತೊಡಗಿದ್ದವು. ಕೆಲವು ಫ್ರೇಮಿನಲ್ಲಿ ಕೊಕ್ಕೆಯ ಆಕಾರ. ಅಲ್ಲಿಯವರೆಗೆ ಹೀಗಿರಲಿಲ್ಲ. ಫೈಲಿನ ಸಮಯ ನೋಡಿದರೆ ರಾತ್ರಿ 11 ದಾಟಿ ಐದು ನಿಮಿಷ. ಗಾಳಿ ಎದ್ದಿತ್ತಾ ಎಂದು ಕೇಳಿದೆ. ಇಲ್ಲ ಅಂದರು. ಯಾರಾದರೂ ಟ್ರೈಪಾಡ್ ಮುಟ್ಟಿದರಾ? ಇಲ್ಲ. ನನಗೆ ಹೊಳೆಯಲಿಲ್ಲ.

ಉತ್ತರ ಬಂದದ್ದು ಮಾವನಿಂದ. ಫೋನ್ ಸ್ಪೀಕರಿನಲ್ಲಿತ್ತು, ಹಿಂದಿನಿಂದ ಅವರ ದನಿ ಕೇಳಿಸಿತು: "ಹನ್ನೊಂದಕ್ಕೆ ತ್ರೀಫೇಸ್ ಬಂತಲ್ಲಮ್ಮಾ. ಆಟೋ ಸ್ಟಾರ್ಟರ್ ಹಾಕಿದ್ದೆ, ಮೋಟ್ರು ಆನ್ ಆಗಿರ್ತದೆ. ನಿನ್ ಸ್ಟ್ಯಾಂಡ್ ಇತ್ತಲ್ಲ, ಆ ಸಾಲಿಗೇ ನೀರು ಬಿಟ್ಟಿದ್ದು."

ಟ್ರೈಪಾಡಿನ ಒಂದು ಕಾಲು ನಿಧಾನಕ್ಕೆ ಕೆಸರಿಗೆ ಇಳಿಯುತ್ತಿತ್ತು! ಟ್ರ್ಯಾಕರಿನ ಮ್ಯಾನ್ಯುಯಲ್‌ನಲ್ಲಿ ಹುಡುಕಿದ್ದರೆ ಇದು ಸಿಗುತ್ತಿತ್ತಾ?

'ಹೇಗೆ ಮಾಡಿದ್ರಿ' ಎಂಬ ಪ್ರಶ್ನೆ

ಈಗ ಕೇಳಿದೆ: ಅಲೈನ್‌ಮೆಂಟ್ ಹೇಗೆ ಮಾಡಿದ್ರಿ? ಉತ್ತರ: ಫೋನಿನ ಕಂಪಾಸ್ ಇಟ್ಟು ಉತ್ತರ ನೋಡಿದೆ, ಫೋನನ್ನೇ ಟ್ರ್ಯಾಕರ್ ಮೇಲಿಟ್ಟು 14 ಡಿಗ್ರಿ ಓರೆ ಮಾಡಿದೆ. ಟ್ರ್ಯಾಕರಿನಲ್ಲಿ ಧ್ರುವ ನಕ್ಷತ್ರ ನೋಡಲೆಂದೇ ಒಂದು ಕಿರು ದೂರದರ್ಶಕ ಇದೆಯಲ್ಲ, ಪೋಲಾರ್ ಸ್ಕೋಪ್, ಅದರಲ್ಲಿ ನೋಡಲಿಲ್ಲವೇ? ನೋಡಿದೆ ಸರ್, ಬರೀ ತೆಂಗಿನ ಗರಿ ಕಾಣಿಸ್ತು.

ಇಂಟರ್ನೆಟ್ಟಿನಲ್ಲಿ ಸಿಗುವ ಪಾಠಗಳೆಲ್ಲ ಹೆಚ್ಚಾಗಿ ಯುರೋಪ್, ಅಮೆರಿಕದವು. ಅಲ್ಲಿ ಧ್ರುವ ನಕ್ಷತ್ರ 40, 50 ಡಿಗ್ರಿ ಮೇಲಿರುತ್ತದೆ. ತಲೆ ಎತ್ತಿದರೆ ಸಿಗುತ್ತದೆ. ನಮ್ಮಲ್ಲಿ ಅದರ ಎತ್ತರ ನಮ್ಮ ಅಕ್ಷಾಂಶದಷ್ಟೇ. ಬೆಂಗಳೂರಿನಲ್ಲಿ 13 ಡಿಗ್ರಿ, ಚಿತ್ರದುರ್ಗದಲ್ಲಿ 14. ತೋಟದ ಬದುವಿನಾಚೆ ಒಂದು ಸಾಲು ತೆಂಗು ಇದ್ದರೆ ಮುಗೀತು. ಮರ ಇಲ್ಲದಿದ್ದರೂ ಅಷ್ಟು ಕೆಳಗೆ ನೋಡುವಾಗ ತಲೆ ಮೇಲಿನದಕ್ಕಿಂತ ನಾಲ್ಕು ಪಟ್ಟು ಗಾಳಿಯ ಮೂಲಕ ನೋಡಿದ ಹಾಗೆ. ಧೂಳು, ಹೊಗೆ ಸೇರಿ ಮೊದಲೇ ಸಾಧಾರಣ ಬೆಳಕಿನ ಧ್ರುವ ನಕ್ಷತ್ರ ಇನ್ನೂ ಸಪ್ಪೆಯಾಗುತ್ತದೆ. ಫೋನಿನ ಕಂಪಾಸಂತೂ ಪಕ್ಕದಲ್ಲಿ ಕಬ್ಬಿಣ, ಮ್ಯಾಗ್ನೆಟ್, ಮೋಟಾರು ಏನಿದ್ದರೂ ದಾರಿ ತಪ್ಪುತ್ತದೆ. 14 ಡಿಗ್ರಿ ಓರೆಯನ್ನು ಫೋನು ಪರವಾಗಿಲ್ಲ ಅನ್ನುವಷ್ಟು ಸರಿಯಾಗಿ ತೋರಿಸಿತ್ತು. ಉತ್ತರ ತೋರಿಸುವಾಗ ಪೂರ್ವಕ್ಕೆ ವಾಲಿತ್ತು.

ಪೂರ್ವಕ್ಕೇ ಎಂದು ಹೇಗೆ ಗೊತ್ತು? ಓರಿಯನ್ ಆವತ್ತು ಹತ್ತೂಕಾಲಿನ ಹೊತ್ತಿಗೆ ಮಧ್ಯಾಹ್ನರೇಖೆ ದಾಟುತ್ತಿತ್ತು, ಅಂದರೆ ಉತ್ತರ-ದಕ್ಷಿಣ ಗೆರೆಯ ಮೇಲೆ, ನೆತ್ತಿಗೆ ಹತ್ತಿರ. ಅಲ್ಲಿರುವ ನಕ್ಷತ್ರ ದಕ್ಷಿಣಕ್ಕೆ ಜಾರಿದರೆ ಅಕ್ಷ ಪೂರ್ವಕ್ಕೆ ತಿರುಗಿದೆ ಎಂದರ್ಥ. ಉತ್ತರಕ್ಕೆ ಜಾರಿದರೆ ಪಶ್ಚಿಮಕ್ಕೆ. ಧ್ರುವ ನಕ್ಷತ್ರ ಕಾಣದ ಜಾಗದಲ್ಲಿ ಅಲೈನ್‌ಮೆಂಟ್ ಸರಿಪಡಿಸುವ ಹಳೇ ಉಪಾಯವೇ ಇದು. ಓರಿಯನ್ ಪಟ್ಟಿಯ ಮೂರು ನಕ್ಷತ್ರಗಳಲ್ಲಿ ಮಿಂಟಾಕ ಆಕಾಶದ ಸಮಭಾಜಕಕ್ಕೆ ಅಂಟಿಕೊಂಡ ಹಾಗೇ ಇದೆ. ಈ ಪರೀಕ್ಷೆಗೆ ಅದಕ್ಕಿಂತ ಒಳ್ಳೆಯ ನಕ್ಷತ್ರ ಬೇಡ.

ಟ್ರ್ಯಾಕರ್ ವಾಪಸ್ ಕಳಿಸುವ ಮಾತು ಅಲ್ಲಿಗೆ ನಿಂತಿತು.

ಬಂಡೆ, ಮತ್ತು ಮದುವೆ ಲೆನ್ಸ್

ಫೆಬ್ರವರಿ ಅಮಾವಾಸ್ಯೆಗೆ ಮೊದಲು ಎರಡು ತೀರ್ಮಾನ ಆಗಬೇಕಿತ್ತು. ಎಲ್ಲಿ ನಿಲ್ಲುವುದು, ಯಾವ ಲೆನ್ಸಿನಲ್ಲಿ ತೆಗೆಯುವುದು.

ಮೊದಲನೆಯದನ್ನೂ ಮಾವನೇ ಬಗೆಹರಿಸಿದರು. "ಆ ತಗ್ಗಿನಾಗೆ ಯಾಕ್ ಕೂರ್ತೀಯಮ್ಮಾ, ಇಬ್ಬನಿಯೆಲ್ಲ ಅಲ್ಲಿಗೇ ಇಳೀತದೆ. ಮೇಲೆ ಬಂಡೆಗೆ ಹೋಗು." ತೋಟದಿಂದ ಮುನ್ನೂರು ಮೀಟರ್ ದೂರಕ್ಕೆ ಒಂದು ಬೋಳು ಬಂಡೆ, ರಾಗಿ ಒಕ್ಕುತ್ತಿದ್ದ ಜಾಗ. ಅಲ್ಲಿ ಉತ್ತರಕ್ಕೆ ಮರವಿಲ್ಲ, ಕಾಲು ಹೂತುಹೋಗುವ ಮಾತಿಲ್ಲ. ತಂಪು ಗಾಳಿ ತಗ್ಗಿಗೆ ಇಳಿಯುವುದರಿಂದ ಇಬ್ಬನಿಯೂ ಕಡಿಮೆ. ಜನವರಿಯಲ್ಲಿ ಮೇಡಂ ಪ್ರತಿ ಅರ್ಧ ಗಂಟೆಗೆ ಲೆನ್ಸಿನ ಗಾಜು ನೋಡಿಕೊಳ್ಳಬೇಕಾಗಿತ್ತು. ಇಲ್ಲಿ ಒಂದೇ ತೊಂದರೆ, ಮೂಡಣ ಗಾಳಿ. ಅದಕ್ಕೆ ಮಾವ ತೆಂಗಿನ ಗರಿಯ ತಡಿಕೆ ಹೆಣೆದು ಅಡ್ಡ ನಿಲ್ಲಿಸಿದರು.

ಲೆನ್ಸಿನ ವಿಷಯದಲ್ಲಿ ಮೇಡಂ ಸುಲಭಕ್ಕೆ ಒಪ್ಪಲಿಲ್ಲ. ನಾನು 135 ಎಂಎಂಗೆ ಇಳಿಯಿರಿ ಅಂದೆ. ಅವರಿಗೆ ಓರಿಯನ್ನಿನಲ್ಲಿ ಕುದುರೆ ತಲೆಯ ಆಕಾರದಲ್ಲಿ ಕಾಣುವ ಕಪ್ಪು ಮೋಡ, ಕುದುರೆ ತಲೆ ನೀಹಾರಿಕೆ, ಬೇಕಿತ್ತು. "ಇನ್ನೂ ಚಿಕ್ಕದಾಗುತ್ತಲ್ಲ ಸರ್?" ನಿಜ. 250ರಲ್ಲಿ ಕುದುರೆ ತಲೆ ಸುಮಾರು 150 ಪಿಕ್ಸೆಲ್ ಬರುತ್ತದೆ. 135ರಲ್ಲಿ 85 ಅಷ್ಟೇ. ಆದರೆ ಜೂಮಿನಲ್ಲಿ ಎಫ್/5.6. ಈ ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಜಾಸ್ತಿ. 135ರ ಪ್ರೈಮ್ (ಜೂಮ್ ಇಲ್ಲದ) ಲೆನ್ಸನ್ನು ಎಫ್/2.8ಕ್ಕೆ ಇಟ್ಟರೂ ಸೆನ್ಸರಿನ ಪ್ರತಿ ಚುಕ್ಕೆಗೆ ನಾಲ್ಕು ಪಟ್ಟು ಬೆಳಕು. ಒಂದು ಪಿಕ್ಸೆಲ್ ಸುಮಾರು 5.7 ಆರ್ಕ್‌ಸೆಕೆಂಡ್ ಆಗುವುದರಿಂದ ಗೇರಿನ ತೂಗಾಟವೂ ಅರ್ಧಕ್ಕರ್ಧ ಮುಚ್ಚಿಹೋಗುತ್ತದೆ. ಚೌಕಟ್ಟು 9 ಡಿಗ್ರಿಗೂ ಜಾಸ್ತಿ ಅಗಲ, ಓರಿಯನ್ನಿನ ಪಟ್ಟಿಯಿಂದ ಹಿಡಿದು ಅದರ ಕೆಳಗೆ ತೂಗುವ ಕತ್ತಿಯವರೆಗೆ ಆರಾಮಾಗಿ ಕೂರುತ್ತದೆ. ಕಲಸಿಹೋದ 150 ಪಿಕ್ಸೆಲ್ ಬೇಕೋ, ಚೊಕ್ಕ 85 ಬೇಕೋ ಎಂದು ಕೇಳಿದೆ. ಎರಡು ದಿನ ಬಿಟ್ಟು "ಸರಿ ಸರ್" ಅಂದರು.

ಕೊಳ್ಳಲು ದುಡ್ಡಿರಲಿಲ್ಲ. ಅವರ ಊರಿನಲ್ಲಿ ಮದುವೆ ಫೋಟೋ ತೆಗೆಯುವ ಒಬ್ಬರ ಬಳಿ ಕ್ಯಾನನ್ ಇಎಫ್ 135 ಎಫ್/2 ಎಲ್ ಇತ್ತು. ಲಗ್ನದ ಸೀಸನ್ನಿನಲ್ಲಿ ಅದು ಕೈಗೆ ಸಿಗುತ್ತದಾ? ಆದರೆ ಅಮಾವಾಸ್ಯೆಗೆ ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲ! ನಮಗೆ ಬೇಕಾದ ರಾತ್ರಿಯೇ ಲೆನ್ಸಿಗೆ ರಜೆ. ಈ ಲೆಕ್ಕ ಹೊಳೆದದ್ದು ಮೇಡಂಗೇ, ನನಗಲ್ಲ.

ಮನುಷ್ಯರ ಮುಖ ತೆಗೆಯುವ ಲೆನ್ಸಿನಲ್ಲಿ ಆಕಾಶ ತೆಗೆಯುವುದು ಹೊಸದೇನಲ್ಲ. ಖಗೋಳಜ್ಞ ಎಡ್ವರ್ಡ್ ಎಮರ್ಸನ್ ಬರ್ನಾರ್ಡ್ ಹುಡುಗನಾಗಿದ್ದಾಗ ಅಮೆರಿಕದ ನ್ಯಾಶ್‌ವಿಲ್‌ನ ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದವರು. ಮುಂದೆ ಲಿಕ್ ವೀಕ್ಷಣಾಲಯದಲ್ಲಿ ಆಕಾಶಗಂಗೆಯ ಹೆಸರಾಂತ ಫೋಟೋಗಳನ್ನು ತೆಗೆದದ್ದು ಸ್ಟುಡಿಯೋದ ಭಾವಚಿತ್ರಕ್ಕೆಂದು ಮಾಡಿದ 6 ಇಂಚಿನ ಲೆನ್ಸಿನಲ್ಲಿ. ಕುದುರೆ ತಲೆಗೆ ಇವತ್ತಿಗೂ ಅವರ ಪಟ್ಟಿಯ ನಂಬರೇ, ಬರ್ನಾರ್ಡ್ 33. ಅದನ್ನು ಮೊದಲು ಗುರುತಿಸಿದ್ದು ಮಾತ್ರ ವಿಲಿಯಮಿನಾ ಫ್ಲೆಮಿಂಗ್, 1888ರಲ್ಲಿ, ಹಾರ್ವರ್ಡ್ ವೀಕ್ಷಣಾಲಯದ ಗಾಜಿನ ಪ್ಲೇಟೊಂದರ ಮೇಲೆ. ಇದನ್ನು ಹೇಳಿದ ಮೇಲೆ ಮೇಡಂಗೆ 85 ಪಿಕ್ಸೆಲ್ ಅಷ್ಟೇನೂ ಚಿಕ್ಕದು ಅನ್ನಿಸಲಿಲ್ಲ.

ಎರಡು ರಾತ್ರಿ

ಮೊದಲ ರಾತ್ರಿ ಶಿವರಾತ್ರಿ. ಊರೆಲ್ಲ ಜಾಗರಣೆ, ನಮ್ಮದೂ ಒಂದು ಬಗೆಯ ಜಾಗರಣೆಯೇ. ಈ ಸಲ ನಾನೂ ಹೋಗಿದ್ದೆ. ದೇವಸ್ಥಾನದ ಸೀರಿಯಲ್ ಬಲ್ಬಿನ ಬೆಳಕು ಒಂದು ಮೂಲೆಯಲ್ಲಿ ಮಬ್ಬಾಗಿ ಏರಿತ್ತು, ಭಜನೆ ಬಂಡೆಯವರೆಗೂ ಕೇಳಿಸುತ್ತಿತ್ತು.

ಗಾಳಿಗೆ ಅಲುಗಾಡಬಾರದೆಂದು ಟ್ರೈಪಾಡಿನ ಕಾಲುಗಳನ್ನು ಪೂರ್ತಿ ಕುಗ್ಗಿಸಿದೆವು. ಒಂದು ಕಾಲು ಉತ್ತರಕ್ಕೆ ಚಾಚಿತ್ತು. ನಮ್ಮ ಅಕ್ಷಾಂಶದಲ್ಲಿ ಟ್ರ್ಯಾಕರ್ ಹೆಚ್ಚುಕಡಿಮೆ ಅಡ್ಡ ಮಲಗಿದ ಹಾಗಿರುತ್ತದೆ, ಕ್ಯಾಮೆರಾದ ಭಾರವೆಲ್ಲ ಉತ್ತರಕ್ಕೆ ಜೋತುಬೀಳುತ್ತದೆ. ಆ ಕಡೆ ಕಾಲಿಲ್ಲದಿದ್ದರೆ ಇಡೀ ಸಾಮಾನು ಮುಗ್ಗರಿಸಬಹುದು. ಇಷ್ಟು ತಗ್ಗಿನಲ್ಲಿಟ್ಟ ಮೇಲೆ ಪೋಲಾರ್ ಸ್ಕೋಪಿನಲ್ಲಿ ನೋಡುವುದು ಹೇಗೆ? ಬಂಡೆಯ ಮೇಲೆ ಬೋರಲು ಮಲಗಿಯೇ. ಮೇಡಂ ದುಪಟ್ಟಾ ಸೊಂಟಕ್ಕೆ ಕಟ್ಟಿ, ಗಲ್ಲವನ್ನು ಕಲ್ಲಿಗೆ ಒತ್ತಿ, ಒಂದು ಕಣ್ಣು ಮುಚ್ಚಿ ಐದು ನಿಮಿಷ ಹುಡುಕಿದರು. "ಬಂತು ಸರ್! ಗರಿ ಅಲ್ಲ, ನಕ್ಷತ್ರ!"

ಧ್ರುವ ನಕ್ಷತ್ರ ಸರಿಯಾಗಿ ಧ್ರುವದಲ್ಲೇ ಇಲ್ಲ, ಅರ್ಧ ಡಿಗ್ರಿಗಿಂತ ಸ್ವಲ್ಪ ಜಾಸ್ತಿ ದೂರದಲ್ಲಿ ಸುತ್ತುತ್ತದೆ. ಆ ಹೊತ್ತಿಗೆ ಅದು ಸುತ್ತಿನ ಯಾವ ಕಡೆ ಇರಬೇಕೆಂದು ಫೋನಿನ ಆ್ಯಪಿನಲ್ಲಿ ನೋಡಿ ಅಲ್ಲಿಗೆ ಕೂರಿಸಿದರು. ಆಮೇಲೆ ನೆತ್ತಿಯ ಹತ್ತಿರದ ಮಿಂಟಾಕಕ್ಕೆ ತಿರುಗಿಸಿ ಮೂರು ನಿಮಿಷದ ಪರೀಕ್ಷೆ. ಉತ್ತರ-ದಕ್ಷಿಣದಲ್ಲಿ ಒಂದು ಪಿಕ್ಸೆಲ್ ಕೂಡ ಜರುಗಲಿಲ್ಲ.

ನನ್ನ ಎರಡನೇ ತಪ್ಪು ಈಗ. ಎಫ್/2 ಲೆನ್ಸ್ ಸಿಕ್ಕಿದೆ, ಎಫ್/2ರಲ್ಲೇ ತೆಗೆಯಿರಿ ಅಂದೆ. ಬೆಳಕಿನ ದುರಾಸೆ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಚೆನ್ನಾಗೇ ಕಂಡಿತು. 60 ಫ್ರೇಮ್ ಆದಮೇಲೆ ಲ್ಯಾಪ್‌ಟಾಪಿಗೆ ಹಾಕಿ ದೊಡ್ಡದು ಮಾಡಿದರೆ ಹೊಳೆಯುವ ನಕ್ಷತ್ರಗಳ ಸುತ್ತ ನೇರಳೆ ಹೊಗೆ, ಮೂಲೆಗಳಲ್ಲಿ ನಕ್ಷತ್ರಕ್ಕೆ ರೆಕ್ಕೆ. ಅಷ್ಟೂ ಹೋಯಿತು. ಎಫ್/2.8ಕ್ಕೆ ಇಳಿಸಿದ ಕೂಡಲೇ ಚೊಕ್ಕವಾಯಿತು. ಮೊದಲ ಎರಡು ಫ್ರೇಮನ್ನೇ ಲ್ಯಾಪ್‌ಟಾಪಿನಲ್ಲಿ ನೋಡಿದ್ದರೆ ಮುಕ್ಕಾಲು ಗಂಟೆ ಉಳಿಯುತ್ತಿತ್ತು. ಬಿಡಿ ಫ್ರೇಮ್ ನೋಡಿ ಎಂದು ಅವರಿಗೆ ಉಪದೇಶ ಮಾಡಿದವನು ನಾನೇ!

ಎಕ್ಸ್‌ಪೋಶರ್ ಎಷ್ಟಿರಬೇಕು ಎಂಬುದನ್ನು ಮಾತ್ರ ಅಂದಾಜಿನ ಮೇಲೆ ಬಿಡಲಿಲ್ಲ. 30, 45, 60, 90 ಸೆಕೆಂಡಿನ ಐದೈದು ಫ್ರೇಮ್ ತೆಗೆದು ಪಕ್ಕಪಕ್ಕ ಇಟ್ಟೆವು. 90ರಲ್ಲಿ ಅರ್ಧಕ್ಕೂ ಜಾಸ್ತಿ ಫ್ರೇಮಿನಲ್ಲಿ ನಕ್ಷತ್ರ ಉದ್ದ. 60ರಲ್ಲಿ ಐದಕ್ಕೆ ಎರಡು. 45ರಲ್ಲಿ ಎಲ್ಲವೂ ದುಂಡು. ಮೇಡಂಗೆ ಕಸಿವಿಸಿ, ಎರಡು ನಿಮಿಷದಿಂದ ಮುಕ್ಕಾಲು ನಿಮಿಷಕ್ಕೆ ಇಳಿದರೆ ನೀಹಾರಿಕೆ ಬರುತ್ತದಾ ಎಂದು. ಒಂದು ಫ್ರೇಮಿನಲ್ಲಿ ಆಕಾಶದ ಹಿನ್ನೆಲೆ ಹಿಸ್ಟೋಗ್ರಾಮಿನ (ಫೋಟೋದಲ್ಲಿ ಕತ್ತಲೆಷ್ಟು, ಬೆಳಕೆಷ್ಟು ಎಂದು ತೋರಿಸುವ ಗ್ರಾಫಿನ) ಎಡಗೋಡೆಯಿಂದ ಬಿಟ್ಟುಕೊಂಡು ಎದ್ದು ನಿಂತರೆ ಸಾಕು, ಆಮೇಲೆ ಲೆಕ್ಕಕ್ಕೆ ಬರುವುದು ಒಟ್ಟು ಸಮಯ. ಎಫ್/2.8, ಐಎಸ್‌ಒ 1600ಕ್ಕೆ 45 ಸೆಕೆಂಡಿನಲ್ಲಿ ಹಿನ್ನೆಲೆ ಕಾಲು ಭಾಗ ಒಳಗೆ ಬಂದಿತ್ತು.

ಫೋಕಸ್‌ಗೂ ಒಂದು ಪಾಠ ಆಯಿತು. ಈ ಲೆನ್ಸಿನ ಫೋಕಸ್ ರಿಂಗು ಅನಂತದ ಗುರುತು ದಾಟಿಯೂ ತಿರುಗುತ್ತದೆ. ಗುರುತನ್ನು ನಂಬಿದರೆ ಕೆಟ್ಟೆವು. ಲೈವ್ ವ್ಯೂನಲ್ಲಿ 10 ಪಟ್ಟು ದೊಡ್ಡದು ಮಾಡಿ, ರೈಜೆಲ್ ನಕ್ಷತ್ರ ಅತಿ ಚಿಕ್ಕ ಚುಕ್ಕೆಯಾಗುವವರೆಗೆ ಕೂದಲೆಳೆಯಷ್ಟು ಆ ಕಡೆ ಈ ಕಡೆ ತಿರುಗಿಸಿ ಪೇಪರ್ ಟೇಪ್ ಅಂಟಿಸಿದರು. ಹತ್ತು ಗಂಟೆಗೆ ಚಳಿ ಏರಿದ ಮೇಲೆ ನೋಡಿದರೆ ಚುಕ್ಕೆ ಮತ್ತೆ ದಪ್ಪ. ಟೇಪ್ ಕಿತ್ತು ಮತ್ತೆ ಹೊಂದಿಸಿದರು.

ಎರಡನೇ ರಾತ್ರಿ, ಅಮಾವಾಸ್ಯೆಗೆ, ಹೇಳುವಂಥ ಘಟನೆ ಏನೂ ನಡೆಯಲಿಲ್ಲ. ಎಂಟೂವರೆಗೆ ಶುರು, ಹನ್ನೊಂದೂಕಾಲಿಗೆ ಮುಗಿಯಿತು. 45 ಸೆಕೆಂಡಿನ 200 ಫ್ರೇಮ್. ಓರಿಯನ್ ನೀಹಾರಿಕೆಯ ನಡುಭಾಗ ಉಳಿದದ್ದಕ್ಕಿಂತ ಎಷ್ಟೋ ಪಟ್ಟು ಪ್ರಖರ, 45 ಸೆಕೆಂಡಿಗೆ ಬಿಳಿ ಸುಣ್ಣವಾಗುತ್ತದೆ. ಅದಕ್ಕೆಂದು 5 ಸೆಕೆಂಡಿನ 30 ಫ್ರೇಮ್ ಬೇರೆ. ಕೊನೆಗೆ, ಸೆನ್ಸರ್ ತಾನೇ ಹುಟ್ಟಿಸುವ ಚುಕ್ಕೆಗಳನ್ನು ಆಮೇಲೆ ಕಳೆಯಲೆಂದು, ಲೆನ್ಸಿಗೆ ಮುಚ್ಚಳ ಹಾಕಿ ಡಾರ್ಕ್ ಫ್ರೇಮ್. ಬೆಳಗಿನ ಜಾವ, ಫೋಟೋದ ಅಂಚಿನ ಕಪ್ಪು ಸರಿಪಡಿಸಲೆಂದು, ಫ್ಲ್ಯಾಟ್ ಫ್ರೇಮ್. ಜನವರಿಯಲ್ಲಿ ಫ್ಲ್ಯಾಟ್ ತೆಗೆಯದೆ ಫೋಟೋದ ಅಂಚೆಲ್ಲ ಕಪ್ಪಾಗಿತ್ತು. ಅದಕ್ಕೆ ಸಮನಾದ ಬೆಳಕು ಬೇಕು, ಫೋಕಸ್ಸೂ ಅಪರ್ಚರೂ ಕದಲಬಾರದು. ಮಾವನ ಬಿಳಿ ಪಂಚೆಯನ್ನು ಎರಡು ಮಡಿಕೆ ಮಾಡಿ ಲೆನ್ಸಿನ ಬಾಯಿಗೆ ಬಿಗಿದು ರಬ್ಬರ್ ಬ್ಯಾಂಡ್ ಹಾಕಿ, ಸೂರ್ಯ ಹುಟ್ಟುವ ಮುಂಚಿನ ಆಕಾಶಕ್ಕೆ ಹಿಡಿದರು. "ಅದನ್ನೇ ಉಟ್ಕೊಂಡು ಸಂತೆಗೆ ಹೋಗ್ಬೇಕು, ಬೇಗ ಮುಗಿಸಮ್ಮಾ" ಅಂತ ಮಾವ.

ಬಂದದ್ದೇನು, ಬಾರದ್ದೇನು

ಎರಡೂ ರಾತ್ರಿ ಸೇರಿ ಸ್ಟ್ಯಾಕಿಗೆ ಉಳಿದದ್ದು 229 ಫ್ರೇಮ್, ಸುಮಾರು 2 ಗಂಟೆ 50 ನಿಮಿಷ. ಎಫ್/2.8ರಲ್ಲಿ ತೆಗೆದ 270ರಲ್ಲಿ 41 ಫ್ರೇಮನ್ನು ಗೇರಿನ ತೂಗಾಟಕ್ಕೋ ಗಾಳಿಗೋ ಬಿಟ್ಟುಕೊಟ್ಟೆವು. ಒಂದೊಂದನ್ನೂ ಮೇಡಂ ಕಣ್ಣಲ್ಲೇ ನೋಡಿ ತೆಗೆದರು. ದೇವಸ್ಥಾನದ ದೀಪದ ಮಬ್ಬನ್ನು ಸಿರಿಲ್‌ನಲ್ಲೇ ಕಳೆದರು.

ಓರಿಯನ್ ನೀಹಾರಿಕೆ ರೆಕ್ಕೆ ಬಿಚ್ಚಿ ಬಂತು. 1880ರಲ್ಲಿ ಹೆನ್ರಿ ಡ್ರೇಪರ್ ಇದರ ಮೊದಲ ಫೋಟೋ ತೆಗೆದಾಗ 11 ಇಂಚಿನ ದೂರದರ್ಶಕಕ್ಕೆ 51 ನಿಮಿಷ ಹಿಡಿದಿತ್ತು. ಇವತ್ತು ಮದುವೆ ಲೆನ್ಸಿನ 45 ಸೆಕೆಂಡಿನ ಒಂದು ಫ್ರೇಮಿನಲ್ಲೇ ಅದರ ಆಕಾರ ಕಾಣುತ್ತದೆ. ಅದರ ಮೇಲಿನ ನೀಲಿ ಮಬ್ಬು, ಪಟ್ಟಿಯ ಎಡತುದಿಯ ಅಲ್ನಿಟಾಕ್ ಪಕ್ಕದ ಜ್ವಾಲೆ ನೀಹಾರಿಕೆ, ಎರಡೂ ಚೆನ್ನಾಗಿ ಬಂದಿವೆ. ಅಪರ್ಚರಿನ 8 ಬ್ಲೇಡಿನಿಂದಾಗಿ ದೊಡ್ಡ ನಕ್ಷತ್ರಗಳಿಗೆ ಎಂಟೆಂಟು ಮೊನೆ ಮೂಡಿವೆ. ನನಗೆ ಅದು ಇಷ್ಟವಿಲ್ಲ, ಅವರಿಗೆ ಇಷ್ಟ.

ಕುದುರೆ ತಲೆ ಇದೆ. ಎಲ್ಲಿದೆ ಎಂದು ಗೊತ್ತಿದ್ದವರಿಗೆ ಕೂಡಲೇ ಕಾಣುತ್ತದೆ. ಆದರೆ ಅದರ ಹಿಂದಿನ ಕೆಂಪು ಪರದೆ ಸಪ್ಪೆ. ಇದಕ್ಕೆ ಅಲೈನ್‌ಮೆಂಟೂ ಇಲ್ಲ, ಫೋಕಸ್ಸೂ ಇಲ್ಲ. ಆ ಕೆಂಪು ಹೈಡ್ರೋಜನ್ನಿನದು, 656.3 ನ್ಯಾನೋಮೀಟರ್. ಮಾಮೂಲಿ ಕ್ಯಾಮೆರಾದಲ್ಲಿ ಸೆನ್ಸರಿನ ಮುಂದಿರುವ ಫಿಲ್ಟರ್, ಚರ್ಮದ ಬಣ್ಣ ಸರಿಯಾಗಿ ಬರಲೆಂದು, ಆ ಬೆಳಕನ್ನು ಬಹುಪಾಲು ತಡೆಯುತ್ತದೆ. ಕ್ಯಾನನ್ 60ಡಿಎ, ನಿಕಾನ್ ಡಿ810ಎ ಥರದ ಕ್ಯಾಮೆರಾಗಳನ್ನು ಕಂಪನಿಗಳೇ ಮಾಡಿದ್ದು ಇದಕ್ಕೇ. ಬೇರೆಯವರಿಂದ ಫಿಲ್ಟರ್ ತೆಗೆಸಲೂಬಹುದು. ಮೇಡಂ ಕೇಳಿದರು, ನಾನು ಹೂಂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಮನೆಯಲ್ಲಿರುವುದು ಒಂದೇ ಕ್ಯಾಮೆರಾ. ಫಿಲ್ಟರ್ ತೆಗೆಸಿದರೆ ಮಗಳ ಹುಟ್ಟುಹಬ್ಬದ ಫೋಟೋದಲ್ಲಿ ಎಲ್ಲರ ಮುಖವೂ ಕೆಂಪಗಾಗುತ್ತದೆ, ಪ್ರತಿ ಸಲ ಬಣ್ಣ ತಿದ್ದಬೇಕು. ಸದ್ಯಕ್ಕೆ ತೆಗೆಸುವುದಿಲ್ಲ ಎಂದು ಅವರೇ ತೀರ್ಮಾನಿಸಿದರು. ನನಗೆ ಅದೇ ಸರಿ ಅನ್ನಿಸಿತು.

ಅದರ ಬದಲು ಏಪ್ರಿಲ್ ಅಮಾವಾಸ್ಯೆಗೆ ವೃಶ್ಚಿಕದ ಕಡೆ ತಿರುಗುವುದೆಂದು ಮಾತಾಗಿದೆ. ಜ್ಯೇಷ್ಠಾ ನಕ್ಷತ್ರದ ಸುತ್ತ ಇರುವ ರೋ ಒಫಿಯೂಕಿ ಮಬ್ಬಿನಲ್ಲಿ ನೀಲಿ, ಹಳದಿಯೇ ಜಾಸ್ತಿ. ಈ ಕ್ಯಾಮೆರಾ ಅದಕ್ಕೆ ಮೋಸ ಮಾಡುವುದಿಲ್ಲ. ಲಂಡನ್ನಿನವರಿಗೆ ಅದು ಹೆಚ್ಚೆಂದರೆ 14 ಡಿಗ್ರಿ ಮೇಲೇರುತ್ತದೆ, ನಮ್ಮ ಧ್ರುವ ನಕ್ಷತ್ರದ ಹಾಗೆ. ನಮಗೆ 52 ಡಿಗ್ರಿ. ಬೋರಲು ಮಲಗಿದ್ದಕ್ಕೆ ಇಷ್ಟಾದರೂ ಸಿಗಬೇಕಲ್ವಾ? ಲೆನ್ಸಿನವರಿಗೂ ಮೇಡಂ ಈಗಲೇ ಹೇಳಿಟ್ಟಿದ್ದಾರೆ.

ಫೋಟೋದ ಒಂದು ಪ್ರಿಂಟ್ ತೋಟದ ಮನೆಗೂ ಹೋಯಿತು. ಮಾವ ಕನ್ನಡಕ ಹಾಕಿಕೊಂಡು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರಂತೆ. ಮೇಡಂ ಉಗುರಿನ ತುದಿಯಿಂದ ಕುದುರೆಯನ್ನು ತೋರಿಸಿದರು. "ಕುದುರೆ ಇರ್ಲಿ" ಅಂದರಂತೆ ಅವರು, "ಮೋಟ್ರು ಆನ್ ಆದ್ಮೇಲಿಂದು ಯಾವ್ದು, ಅದನ್ ತೋರ್ಸು."